ಚಿಪ್ಪು ಹೊತ್ತು ನಡೆದ ಪ್ರಾಣಿ

ನಾನು ನೋಡಿ ಬಂದಿದ್ದ ಹೆಣ್ಣಿನ ಸೋದರಮಾವ ನಮ್ಮ ಮನೆಗೆ ಕಾಲಿಡುವ ಮೊದಲೇ ಊರೆಲ್ಲ ಸುತ್ತಿ ಬಂದಿದ್ದ. ಹಾಲಿನ ಡೈರಿಯಲ್ಲಿ ಕೇಳಿದ್ದ, ಗಡ್ಡ ಕೆರೆಸಿಕೊಳ್ಳುತ್ತಾ ಕೇಳಿದ್ದ, ಕಿರಂಗೂರಿನ ಟೀ ಅಂಗಡಿಯಲ್ಲೂ ಕೇಳಿದ್ದ. ಆ ಹುಡುಗ ನೀರೊಳಗೆ ಮಾಡುವ ಕೆಲಸ ಎಂಥದು? ಕುಡಿಯುತ್ತಾನಾ? ಕಳ್ಳಸಾಗಣೆ ಗಿಳ್ಳಸಾಗಣೆ ಉಂಟಾ? ಸುದ್ದಿ ಕಿವಿಗೆ ಬಿದ್ದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಬಂದು ನನ್ನನ್ನೇ ಕೇಳಿದರೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು?

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾಲೆಯಲ್ಲಿ ಈಜು ಕಲಿತ ನಾನು, ಮಂಗಳೂರು ಕಡೆಯ ಕಡಲಲ್ಲಿ ಮುಳುಗಿದ ಹಡಗುಗಳಿಂದ ಹಿತ್ತಾಳೆ, ಕಬ್ಬಿಣ ಎತ್ತುವ ಕೆಲಸಕ್ಕೆ ಸೇರಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿಯುವುದು ಎಂದರೆ ನಮ್ಮೂರಲ್ಲಿ ಯಾರೂ ನಂಬುತ್ತಿರಲಿಲ್ಲ. ಪಾಂಡವಪುರದಲ್ಲಿ ಹೆಣ್ಣು ನೋಡಲು ಹೋದಾಗ ಅವಳೊಬ್ಬಳೇ, ಕಾಫಿ ಲೋಟ ಕೊಡುತ್ತಾ, "ನೀರೊಳ್ಗೆ ಕಣ್ಣು ಉರಿಯಕಿಲ್ವಾ?" ಅಂತ ಕೇಳಿದ್ದಳು. ಮದುವೆಯಾದರೆ ಇವಳನ್ನೇ ಅಂತ ಅವತ್ತೇ ತೀರ್ಮಾನಿಸಿಬಿಟ್ಟೆ. ಅವಳಿಗೆ ತಂದೆ ಇರಲಿಲ್ಲ. ಸಾಕಿದ್ದು ಈ ಸೋದರಮಾವ, ನಾಗಮಂಗಲದ ಕಡೆ ತೆಂಗಿನ ತೋಟಗಳ ಫಸಲು ಕೊಳ್ಳುವ ವ್ಯಾಪಾರಿ. ಅವನು ಹೂಂ ಅಂದರೆ ಹೂಂ.

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಬಂದಾಗ, ಮನಸ್ಸು ಒಪ್ಪದೆ ಅನ್ನ ಮುಟ್ಟುವುದಿಲ್ಲ. ನೀರು, ಕಾಫಿ ಆಗಬಹುದು. ಎಲೆಯ ಮೇಲಿನ ಅನ್ನಕ್ಕೆ ಕೈ ಹಾಕಿದರು ಅಂದರೆ ಹೆಣ್ಣು ಕೊಟ್ಟಂತೆಯೇ. ಅವ್ವ ಬೆಳಿಗ್ಗೆಯಿಂದ ಒಲೆ ಮುಂದೆಯೇ ಇದ್ದಳು. ಒಬ್ಬಟ್ಟು, ಪಾಯಸ, ಅವರೆಕಾಳು ಸಾರು. ಅಂತೂ ಸೋದರಮಾವ ಬಂದು ಬಾಳೆಎಲೆ ಮುಂದೆ ಕೂತ. ಕೈ ಮಾತ್ರ ತೊಡೆಯ ಮೇಲೇ ಇತ್ತು.

ಅಪ್ಪನಿಗೆ ನನ್ನ ಬಗ್ಗೆ ಕೊಚ್ಚಿಕೊಳ್ಳುವ ಚಪಲ. "ಆ ಪ್ರಾಣಿ ವಿಷ್ಯ ಯೋಳ್ಲಾ" ಅಂದ.

ಹೇಳಿದೆ. ಮುಳುಗಿದ ಹಡಗಿನ ಮಗ್ಗುಲಲ್ಲಿ, ಮರಳಿನ ಮೇಲೆ, ಮುಷ್ಟಿಗಾತ್ರದ ಒಂದು ಆಕ್ಟೋಪಸ್ಸು. ಮೂಳೆಯಿಲ್ಲ, ಎಂಟು ಕೈ. ಎರಡು ತೆಂಗಿನ ಚಿಪ್ಪುಗಳನ್ನು ಒಂದರೊಳಗೊಂದು ಇಟ್ಟು ಹೊಟ್ಟೆಯಡಿ ಅವುಚಿಕೊಂಡು, ಉಳಿದ ಕೈಗಳನ್ನೇ ಕಾಲು ಮಾಡಿಕೊಂಡು, ಸೀರೆ ಎತ್ತಿ ಹಿಡಿದು ಕೆಸರು ದಾಟುವ ಹೆಂಗಸಿನ ಹಾಗೆ ನಡೆದು ಹೋಯಿತು. ನನ್ನನ್ನು ಕಂಡು ಒಂದು ಚಿಪ್ಪಿನಲ್ಲಿ ಕೂತು, ಇನ್ನೊಂದನ್ನು ಮೇಲಕ್ಕೆಳೆದು ಮುಚ್ಚಿಕೊಂಡಿತು. ನಾನು ನಕ್ಕು, ಬಾಯಿಗೆ ಉಪ್ಪುನೀರು ನುಗ್ಗಿ, ಸಾಯುವುದೊಂದು ಬಾಕಿ.

ಸೋದರಮಾವ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ. "ಎರಡೂ ಒಂದೇ ಕಾಯಿನ ಚಿಪ್ಪಾ?"

"ಗೊತ್ತಿಲ್ಲ."

"ಮೇಲ್ಗಡೆ ಎಳ್ಕೊಂಡಿದ್ದು ಕಣ್ಣಿರೋ ಚಿಪ್ಪಾ, ಇಲ್ದೇ ಇರೋದಾ?"

ಪೊಲೀಸರು ಕಳ್ಳನನ್ನು ಕೇಳುವ ಹಾಗೆ ಕೇಳುತ್ತಿದ್ದಾನೆ ಅನ್ನಿಸಿತು. ಟೀ ಅಂಗಡಿಯ ವಿಚಾರಣೆ ನೆನಪಾಯಿತು. ಬಲೆ ಹಾಕುತ್ತಿದ್ದಾನೆ, ತೊದಲಿದರೆ ಕೆಟ್ಟೆ. ಅಡುಗೆಮನೆ ಬಾಗಿಲಲ್ಲಿ ಅವ್ವ ಸೌಟು ಹಿಡಿದು ನಿಂತು, ಬಿಡು ಬಿಡು ಅಂತ ಕಣ್ಸನ್ನೆ ಮಾಡುತ್ತಿದ್ದಳು. ಅನ್ನ ಆರುತ್ತಿತ್ತು.

"ಅಯ್ಯೋ, ತಮಾಷೆಗೆ ಯೋಳ್ದೆ ಬುಡಿ. ಅಂಥದ್ದೆಲ್ಲ ಎಲ್ಲಿರ್ತದೆ? ಊಟ ಮಾಡಿ" ಅಂದೆ.

ಅವನ ಮುಖ ಇಳಿದುಹೋಯಿತು. ಕೋಪ ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಹುಟ್ಟಿದಾಗಿಂದ ತೆಂಗಿನಕಾಯಿ ಜೊತೇಲೇ ಇದ್ದೀನಿ ಕಣಪ್ಪಾ. ಚಿಪ್ಪೊಳ್ಗೆ ಒಂದು ಜೀವ ಮನೆ ಮಾಡ್ಕೊಂಡದೆ ಅಂದ್ಯಲ್ಲಾ, ಎಷ್ಟು ಸಂತೋಸ ಆಯ್ತು ಗೊತ್ತಾ. ಮನೇಗೋಗಿ ನಮ್ಮುಡುಗೀಗೂ ಯೋಳವಾ ಅಂತ ಕೇಳ್ತಿದ್ದೆ."

"ಇಲ್ಲ ಇಲ್ಲ, ನಿಜವಾಗ್ಲೂ ನೋಡಿವ್ನಿ" ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

"ಆಗ್ಲೇ ಒಂದು, ಈಗ ಒಂದು. ಇದ್ರಾಗೆ ಅವ್ಳು ಯಾವ್ದ ನಂಬಬೇಕು?" ಎಂದು ಎದ್ದ. ಕೈಗೆ ಒಂದಗುಳೂ ಅಂಟಿರಲಿಲ್ಲ. ಅಪ್ಪ ಬಾಗಿಲ ತನಕ ಕೈ ಮುಗಿದುಕೊಂಡೇ ಹೋದ. ಅವನು ತಿರುಗಿ ನೋಡಲಿಲ್ಲ.

ಅವ್ವ ಆ ಎಲೆಯ ಮುಂದೆ ಕುಕ್ಕರಿಸಿದಳು.

"ನಿಜ್ವಾಗ್ಲೂ ನೋಡಿದ್ದೇನ್ಲಾ ಮಗಾ?"

"ನೋಡಿದ್ದೆ ಕಣವ್ವ."

"ಮತ್ಯಾಕ್ಲಾ ಇಲ್ಲ ಅಂದೆ?"

"ಅವ್ರು ಉಣ್ಲಿ ಅಂತ."

ಅವ್ವ ಎಲೆಯನ್ನು ನನ್ನ ಕಡೆಗೆ ತಿರುಗಿಸಿ, ಆರಿದ ಅನ್ನದ ಮೇಲೆ ಬಿಸಿ ಸಾರು ಬಿಟ್ಟಳು.