ಬ್ರೆಡ್ ಅಂದರೆ ತುತ್ತು

“ಬ್ರೆಡ್ಡು ಬ್ಯಾಡ ಕಣವ್ವ. ಅದು ಕಾಯಿಲೆಯೋರು ತಿನ್ನೋದು” ಎಂದು ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಜ್ವರ ಬಂದು ರಾಮನಗರದ ಆಸ್ಪತ್ರೆಯಲ್ಲಿ ಮಲಗಿದ್ದ ಅವಳ ಹೊಟ್ಟೆಗೆ ಹಿಂದಿನ ದಿನದಿಂದ ಏನೂ ಹೋಗಿರಲಿಲ್ಲ. ಹಾಲಿನಲ್ಲಿ ಅದ್ದಿದ ಬ್ರೆಡ್ ನನ್ನ ಕೈಯಲ್ಲೇ ಮೆತ್ತಗಾಗುತ್ತಿತ್ತು. ಕಿಟಕಿಯ ಹಸಿರು ಪರದೆ ದಾಟಿ ಬಂದ ಮಧ್ಯಾಹ್ನದ ಬಿಸಿಲಿಗೆ ವಾರ್ಡೆಲ್ಲ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು.

ಕೋಡಿಹಳ್ಳಿಯಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಎಂದೋ ಓದಿದ್ದು ನೆನಪಾಯಿತು. “ಅವ್ವಾ, ಹಿಂದೆ ಇಂಗ್ಲಿಷ್‌ನೋರು ಬ್ರೆಡ್ ಅಂತಿದ್ದಿದ್ದು ರೊಟ್ಟಿಗಲ್ವಂತೆ. ಒಂದು ತುಂಡಿಗೆ, ಒಂದು ತುತ್ತಿಗೆ” ಎಂದೆ.

“ತುತ್ತಾ?” ಅರೆನಿದ್ದೆಯಲ್ಲೇ ಅವಳು ಇತ್ತ ಹೊರಳಿದಳು. ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದಳು. ನಿಧಾನವಾಗಿ ನುಂಗಿ ಮೆಲ್ಲಗೆ, “ಅವ್ವಾ, ಇನ್ನೊಂದ್ ತುತ್ತು ಕೊಡು. ಒಸಿ ಬೆಲ್ಲ ಹಾಕವ್ವ” ಎಂದಳು.

ಮಗಳಾದ ನನ್ನನ್ನು ಅವಳು ಯಾವಾಗಲೂ ಅವ್ವ ಎಂದೇ ಕರೆಯುವುದು. ಆದರೆ ಆ ಮಧ್ಯಾಹ್ನ ಕರೆದದ್ದು ನನ್ನನ್ನೋ, ನಾನು ನೋಡೇ ಇಲ್ಲದ ಅವಳ ತಾಯಿಯನ್ನೋ ತಿಳಿಯಲಿಲ್ಲ. ಈಗ ಅವ್ವ ಗುಣವಾಗಿ ಮನೆಗೆ ಬಂದಿದ್ದಾಳೆ. ಅಂದು ಕರೆದದ್ದು ಯಾರನ್ನೆಂದು ಕೇಳಲು ನನಗೇ ಮನಸ್ಸು ಬಂದಿಲ್ಲ.