ದೊಡ್ಡಪತ್ರೆ ತಿಂದ ಹುಳ

ಮಕ್ಕಳಿಗೆ ಗಿಡಮರಗಳ ಪಾಠ ಹೇಳುವ ಮನೆಯಲ್ಲಿ ನನ್ನಂಥ ಹೊಗಳಿಕೆಬಾಕರು ಇರಬಾರದು. ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವಳು. ತಂಗಿ ಶುಭಾ ಎರಡು ಡಿಗ್ರಿಯವಳು. ಜೆ.ಪಿ. ನಗರದ ಅವಳ ಮನೆಯಲ್ಲಿ ಅಡುಗೆ ನನ್ನದು, ಅವಳ ಐದು ವರ್ಷದ ಮಗಳು ತನ್ವಿಗೆ ಗಿಡಗಳ ಪಾಠ ಅವಳದು.

ನಾವಿಬ್ಬರೂ ಗಿಡ ಕಲಿತದ್ದು ನಾಲಿಗೆಯಿಂದ. ಕೆಮ್ಮಿದರೆ ಅಮ್ಮ ದೊಡ್ಡಪತ್ರೆ ಜಗಿಸುತ್ತಿದ್ದಳು, ಪಾಠ ಮುಗಿಯುತ್ತಿತ್ತು. ಈಗ ಬಾಲ್ಕನಿಯ ಪ್ರತಿ ಕುಂಡಕ್ಕೂ ನಾಲಿಗೆ ಹೊರಳದ ಇಂಗ್ಲಿಷ್ ಅಕ್ಷರದ ಹೆಸರಿನ ಚೀಟಿ. ದೊಡ್ಡಪತ್ರೆಯ ಚೀಟಿ ಓದುವಷ್ಟರಲ್ಲಿ ತಂಬುಳಿ ರುಬ್ಬಿ ಮುಗಿಸಬಹುದು. ಮಣ್ಣಿನ ಪಾಠವೂ ಉಂಟು. ಮುಟ್ಟಿದ ಕೂಡಲೇ ಕೈಗೆ ಸ್ಯಾನಿಟೈಸರ್. ಮಗು ಮಾತ್ರ ಚೀಟಿ ಬಿಟ್ಟು ಆ ಗಿಡವನ್ನು ‘ದೊಡ್ಡಿ’ ಎಂದು ಕರೆದು, ತನ್ನ ಬಾಟಲಿಯಿಂದಲೇ ನೀರು ಕುಡಿಸುತ್ತಿತ್ತು.

ಭಾನುವಾರ ಶುಭಾಳ ಅತ್ತೆ-ಮಾವ ಊಟಕ್ಕೆ ಬಂದರು. ತಂಬುಳಿಗೆ ನಾಲ್ಕೆಲೆ ಸಾಕೆಂದು ಹೋದೆ. ಹೊಗಳಿಸಿಕೊಳ್ಳುವ ಆಸೆ ಎಲೆ ಎಣಿಸುವುದಿಲ್ಲ. ಕುಂಡದಲ್ಲಿ ಉಳಿದದ್ದು ಬೋಳು ಕಡ್ಡಿ ಮತ್ತು ಚೀಟಿ. ಎಲ್ಲರೂ ಹೊಗಳಿದರು. ತನ್ವಿ ಎರಡು ಸಲ ಹಾಕಿಸಿಕೊಂಡಳು.

ಸಂಜೆ ಬಾಲ್ಕನಿಯಿಂದ ಅಳು. “ದೊಡ್ಡಮ್ಮಾ, ನನ್ ದೊಡ್ಡಿಗೆ ಏನಾಯ್ತು?”

“ಹುಳ ತಿಂದ್ಬಿಡ್ತು ಪುಟ್ಟಿ,” ಎಂದುಬಿಟ್ಟೆ. ಹುಳಕ್ಕೆ ಬಾಯಿದೆ, ಮಾತಿಲ್ಲ. ತಪ್ಪು ಹೊರಿಸಲು ಅಂಥವರೇ ಅನುಕೂಲ.

ಶುಭಾಗೆ ಇದು ಪಾಠದ ಹಬ್ಬ. ಹುಳಗಳ ವಿಡಿಯೊ ತೋರಿಸಿದಳು, ಭೂತಗನ್ನಡಿ ತರಿಸಿದಳು. “ಅಕ್ಕಾ, ಇವಳ ಅಬ್ಸರ್ವೇಷನ್ ಸ್ಕಿಲ್ ನೋಡೇ, ಸಖತ್ತಾಗಿದೆ!” ಅಂದಳು. ಏನೆಲ್ಲ ಗಮನಿಸಿದ ತಾಯಿ, ಮಧ್ಯಾಹ್ನ ತಾನೇ ಉಂಡ ತಂಬುಳಿಯನ್ನು ಗಮನಿಸಲಿಲ್ಲ.

ಮರುದಿನ ‘ಕಳ್ಳ’ ಸಿಕ್ಕಿಬಿದ್ದ. ಪಕ್ಕದ ಕರಿಬೇವಿನ ಮೇಲೆ ತನ್ನ ಪಾಡಿಗೆ ಮೇಯುತ್ತಿದ್ದ ಹಸಿರು ಹುಳ. ನಾನು ನೋಡುವಾಗ ತನ್ವಿ ಚಪ್ಪಲಿ ಎತ್ತಿದ್ದಳು. ಇರುವೆಗೂ ದಾರಿ ಬಿಡುತ್ತಿದ್ದ ಕೈ ಅದು. ಎತ್ತಿಸಿದವಳು ನಾನು.

“ಹೊಡೀಬೇಡ ಕಣೇ! ದೊಡ್ಡೀನ ತಿಂದಿದ್ದು ನಾನು.”

“ಹಸೀದಾ?”

“ತಂಬುಳಿ ಮಾಡ್ಕೊಂಡು. ನೀನೂ ತಿಂದೆ.”

ಅವಳು ಬಹಳ ಹೊತ್ತು ನನ್ನ ಹೊಟ್ಟೆ ನೋಡಿದಳು, ಆಮೇಲೆ ತನ್ನದು. ಚಪ್ಪಲಿ ಕೆಳಗಿಳಿಯಿತು. “ಸಾರಿ ಹೇಳು.”

“ಸಾರಿ ಪುಟ್ಟಿ.”

“ನಂಗಲ್ಲ. ಹುಳಕ್ಕೆ.”

ಕರಿಬೇವಿನ ಮುಂದೆ ಬಗ್ಗಿ ಹೇಳಿದೆ. ಹುಳ ತಲೆಯೆತ್ತಲಿಲ್ಲ, ಮರ್ಯಾದಸ್ಥ ಪ್ರಾಣಿ, ತಿನ್ನುವುದನ್ನು ಎಲ್ಲರೆದುರೇ ತಿನ್ನುತ್ತದೆ.

ಕಡ್ಡಿ ಈಗ ಚಿಗುರಿದೆ. ತನ್ವಿ ಅದಕ್ಕೆ ಹೊಸ ಚೀಟಿ ಅಂಟಿಸಿದ್ದಾಳೆ. ಅಕ್ಷರವಿಲ್ಲ, ಚಿತ್ರ ಮಾತ್ರ: ಸೀರೆಯುಟ್ಟ ದಪ್ಪ ಹುಳ, ಅದರ ಮೇಲೊಂದು ಅಡ್ಡಗೀಟು. ಆ ಬಾಲ್ಕನಿಯಲ್ಲಿ ನಾನು ತಡವರಿಸದೆ ಓದಬಲ್ಲ ಚೀಟಿ ಅದೊಂದೇ.