ಇನ್ನೂ ಬಡಿಸದ ಸಾರು

ಮನೆಯವರ ಕಿರುಕುಳದಿಂದ ನಮ್ಮ ಇಲಾಖೆ ಬಿಡಿಸಿ ತಂದವರನ್ನು ಕಂಡು, ಈಗ ಹೇಗಿದ್ದೀರಿ ಎಂದು ಕೇಳಿಕೊಂಡು ಬರುವುದು ನನ್ನ ಕೆಲಸ. ಮಾಗಡಿ ಹತ್ತಿರದ ಆಶ್ರಯಮನೆಯೊಂದರಲ್ಲಿ ಕುದೂರು ಕಡೆಯ ಜಯಮ್ಮ ಸಿಕ್ಕಿದರು. ಐವತ್ತು ದಾಟಿದವರು, ಕಣ್ಣು ಕಾಣದು. ಅಣ್ಣನ ಮನೆಯಲ್ಲಿ ಅವರನ್ನು ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಿದ್ದರಂತೆ. ನಿಯಮದಂತೆ ಮೇಲ್ವಿಚಾರಕಿಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ.

"ಇಲ್ಲಿ ಹೇಗಿದೆಯಮ್ಮಾ?"

"ಬೋ ಚೆನ್ನಾಗೈತೆ ಸ್ವಾಮಿ."

"ಹಾಸಿಗೆ?"

"ಅದೂ ಚೆನ್ನಾಗೈತೆ."

"ಇವತ್ತಿನ ಸಾರು?"

"ಅಯ್ಯೋ, ಸಾರಂತೂ ಕೇಳ್ಬ್ಯಾಡಿ. ಬೋ ರುಚಿ."

ಅಡುಗೆಮನೆಯಲ್ಲಿ ಆಗಿನ್ನೂ ಒಗ್ಗರಣೆ ಸಿಡಿಯುತ್ತಿತ್ತು. "ಇನ್ನೂ ಬಡಿಸಿಯೇ ಇಲ್ಲವಲ್ಲಮ್ಮಾ" ಎಂದೆ. ಅವರು ನಕ್ಕರು. ಆಮೇಲೆ ದನಿ ತಗ್ಗಿಸಿದರು.

"ಗಂಡನ ಮನೇಲಿ ಹೊಡೀತಾರೆ ಅಂದೆ, ಅಣ್ಣನ ಮನೇಲಿ ಬುಟ್ರು. ಅಲ್ಲಿ ಕೂಡಾಕ್ತಾರೆ ಅಂದೆ, ಇಲ್ಲಿಗೆ ತಂದ್ರಿ. ಇದೂ ಸರಿಯಿಲ್ಲ ಅಂದ್ರೆ ಇನ್ನೆಲ್ಲಿಗೆ ಕಳಿಸ್ತೀರಿ? ಬಚ್ಚಲಿಗೆ ಹೋಗೋ ದಾರಿ ಈಗಷ್ಟೇ ಕಲ್ತಿವ್ನಿ ಸ್ವಾಮಿ."

"ಎಲ್ಲಿಗೂ ಕಳಿಸುವುದಿಲ್ಲಮ್ಮಾ" ಎಂದೆ. ಅದನ್ನು ತೀರ್ಮಾನಿಸುವವನು ನಾನಲ್ಲ ಎಂಬುದು ನನ್ನ ದನಿಯಿಂದಲೇ ಅವರಿಗೆ ತಿಳಿದಿರಬೇಕು.

"ಆಗ್ಲಿ ಬುಡಿ. ಸಾರು ಚೆನ್ನಾಗೈತೆ ಅಂತ್ಲೇ ಬರ್ಕಳಿ."

ಹಾಗೇ ಬರೆದುಕೊಂಡೆ. ಅಲ್ಲಿದ್ದ ಉಳಿದವರನ್ನು ಕೇಳಿದಾಗಲೂ ಎಲ್ಲವೂ ಚೆನ್ನಾಗಿಯೇ ಇತ್ತು. ಒಂದು ದೂರೂ ಇಲ್ಲದ ಮನೆಯೆಂದು ಮೇಲಿನವರು ಈಗ ಅದನ್ನು ಬೇರೆ ತಾಲ್ಲೂಕಿನವರಿಗೆ ಮಾದರಿಯಾಗಿ ತೋರಿಸುತ್ತಾರೆ.